ಕೆಲಸ ಮುಗಿದ ಮೇಲಿನ ಕೆಲಸ



ತಮ್ಮೂರಿನ ಕೆರೆಗೆ, ಹಳ್ಳಕ್ಕೆ, ಗುಂಡುತೋಪಿಗೆ, ಕಲ್ಯಾಣಿಗೆ ಕೂಲಿಯಿಲ್ಲದೆ ದುಡಿಯುವವರು ಒಂದೆಡೆ ಕೂಡಿದ ಸಭೆ ಇದು. ಇದರ ಅಧ್ಯಕ್ಷತೆಗೆ ನನ್ನನ್ನು ಕರೆದದ್ದಕ್ಕೆ ಕೃತಜ್ಞನಾಗಿದ್ದೇನೆ. ಸಮ್ಮೇಳನಕ್ಕೆ ಕೋಲಾರವನ್ನು ಆರಿಸಿಕೊಂಡದ್ದಂತೂ ತುಂಬ ಸರಿ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಈ ಸೀಮೆ ನೂರಾರು ವರ್ಷ ಬಾಳಿ ಬಂದದ್ದು ಕೆರೆಗಳನ್ನು ನಂಬಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದೂ ತುಂಬಿದರೆ ಅದರ ಕೆಳಗಿನದಕ್ಕೆ. ರಾಜ್ಯದಲ್ಲಿರುವ ಮೂವತ್ತಾರು ಸಾವಿರಕ್ಕೂ ಮಿಕ್ಕಿದ ಕೆರೆಗಳಲ್ಲಿ ದೊಡ್ಡ ಪಾಲು ಅವಿಭಜಿತ ಕೋಲಾರ ಜಿಲ್ಲೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ ಈ ಸರಣಿಗಳನ್ನು ನೋಡಿ, ಇಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದ ಮಾತು ಬರೆದಿಟ್ಟಿದ್ದಾನೆ. ಅಷ್ಟು ಒತ್ತಾಗಿ, ಅಷ್ಟು ಲೆಕ್ಕಾಚಾರದಿಂದ ಕಟ್ಟಿದ್ದರು. ಅದೇ ಜಿಲ್ಲೆ ನಮ್ಮ ಕಣ್ಣೆದುರಿಗೇ ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಜಿಲ್ಲೆಯಾಯಿತು, ಫ್ಲೋರೈಡ್ ನೀರಿನ ಜಿಲ್ಲೆಯಾಯಿತು.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಕರ್ನಾಟಕದ ಜನ ಕೆರೆಯ ಕಡೆಗೆ ಮತ್ತೆ ತಿರುಗಿದ್ದಾರೆ. ಇದು ಸಣ್ಣ ಸಂಗತಿಯಲ್ಲ. 2019ರ ಬೇಸಿಗೆಯಲ್ಲಿ ಕೊಪ್ಪಳದ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿಯವರ ಕರೆಗೆ ಓಗೊಟ್ಟು ಊರೂರಿನ ಜನ ಹಿರೇಹಳ್ಳಕ್ಕೆ ಇಳಿದರು. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಮುಳ್ಳು, ಜಾಲಿ, ಹೂಳು ತುಂಬಿ ಕಣ್ಮರೆಯಾಗಿದ್ದ ಹಳ್ಳಕ್ಕೆ ಮತ್ತೆ ಪಾತ್ರ ಬಂತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮ 2016ರಿಂದೀಚೆಗೆ ನೂರಾರು ಕೆರೆಗಳ ಹೂಳೆತ್ತಿಸಿದೆ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕುರಿ ಕಾಯುತ್ತಿದ್ದ ಕಾಮೇಗೌಡರು ಯಾರ ಕರೆಗೂ ಕಾಯದೆ ಗುಡ್ಡದ ಮೇಲೆ ಒಂದರ ಕೆಳಗೊಂದು ಹದಿನಾರು ಕಟ್ಟೆಗಳನ್ನು ತೋಡಿಟ್ಟು ಹೋದರು. ಇವರೆಲ್ಲರ ಮುಂದೆ ನಾನು ತಲೆಬಾಗುತ್ತೇನೆ.

ಹಾಗಿದ್ದೂ ಇವತ್ತು ನಿಮ್ಮ ಮುಂದೆ ಒಂದು ಕಳವಳವನ್ನು ಇಡಬೇಕಾಗಿದೆ. ಕೆಲಸ ಶುರು ಮಾಡುವುದನ್ನು ನಾವು ಕಲಿತಿದ್ದೇವೆ. ಶುರುವಾದದ್ದನ್ನು ಕಾಯ್ದುಕೊಳ್ಳುವುದನ್ನು ಇನ್ನೂ ಕಲಿತಿಲ್ಲ. ಗುದ್ದಲಿ ಪೂಜೆಯ ದಿನ ಸಾವಿರ ಜನ ಇರುತ್ತಾರೆ, ಬಾಗಿನ ಬಿಡುವ ದಿನ ಎರಡು ಸಾವಿರ. ಅದಾಗಿ ಮೂರನೆಯ ವರ್ಷದ ಏಪ್ರಿಲ್‌ನಲ್ಲಿ ತೂಬಿನ ಬಾಯಿಗೆ ಸಿಕ್ಕಿಕೊಂಡ ಕಸ ತೆಗೆಯುವವರು ಯಾರು, ಏರಿಯ ಮೇಲೆ ಎದ್ದ ಜಾಲಿಯನ್ನು ಮೊಳಕೆಯಲ್ಲೇ ಕೀಳುವವರು ಯಾರು, ರಾತ್ರಿ ಹೊತ್ತು ಕಾಲುವೆಗೆ ಕಟ್ಟಡದ ಮಣ್ಣು ಸುರಿದು ಹೋದ ಟ್ರ್ಯಾಕ್ಟರಿನ ನಂಬರು ಬರೆದುಕೊಳ್ಳುವವರು ಯಾರು? ಹೂಳೆತ್ತಿದ ಕೆರೆಗೆ ನಾಲ್ಕು ಮಳೆಗಾಲದಲ್ಲಿ ಮತ್ತೆ ಹೂಳು ಬಂದದ್ದನ್ನು ಈ ಸಭೆಯಲ್ಲಿರುವ ಬಹಳಷ್ಟು ಜನ ಕಂಡಿದ್ದೀರಿ. ಆ ನೋವು ನಿಮಗೆ ಗೊತ್ತಿರುವುದರಿಂದಲೇ ಬಿಚ್ಚಿ ಮಾತಾಡುತ್ತಿದ್ದೇನೆ.

ಮೊದಲು ಒಂದು ಲೆಕ್ಕ ಹಾಕೋಣ. ಒಂದು ಎಕರೆ ಕೆರೆಯಂಗಳದಲ್ಲಿ ಒಂದು ಅಡಿ ಹೂಳು ಎಂದರೆ ಸುಮಾರು 1,230 ಘನ ಮೀಟರ್ ಮಣ್ಣು. ಟ್ರ್ಯಾಕ್ಟರಿನ ಟ್ರೈಲರಿಗೆ ಮೂರು ಘನ ಮೀಟರ್ ಹಿಡಿಸುತ್ತದೆ ಎಂದುಕೊಂಡರೆ ನಾನೂರು ಲೋಡು. ನೂರು ಜನ ಭಾನುವಾರ ಬೆಳಿಗ್ಗೆ ಗುದ್ದಲಿ, ಬಾಂಡ್ಲಿ ಹಿಡಿದು ನಿಂತು ತಲಾ ಅರ್ಧ ಘನ ಮೀಟರ್ ತೆಗೆದರೂ ಒಂದು ದಿನಕ್ಕೆ ಐವತ್ತು ಘನ ಮೀಟರ್ ಆಗುತ್ತದೆ. ಆ ಒಂದು ಎಕರೆ ಒಂದು ಅಡಿಗೆ ಇಪ್ಪತ್ತೈದು ಭಾನುವಾರ ಬೇಕು. ನೂರು ಎಕರೆಯ ಕೆರೆಯಾದರೆ ಹತ್ತಿರಹತ್ತಿರ ಐವತ್ತು ವರ್ಷ. ಶ್ರಮದಾನದ ಬೆಲೆ ತಗ್ಗಿಸಲು ಈ ಲೆಕ್ಕ ಹೇಳುತ್ತಿಲ್ಲ. ಬೆವರು ಸುರಿಸಿದ ಕೆರೆಯ ಮೇಲೆ ಜನರಿಗೆ ಹಕ್ಕಿನ ಭಾವ ಬರುತ್ತದೆ, ಮಕ್ಕಳಿಗೆ ತೂಬು ಎಂದರೇನು, ಕೋಡಿ ಎಂದರೇನು ಎಂದು ತಿಳಿಯುತ್ತದೆ, ಜಾತಿ ಬೇರೆಯಾದವರು ಒಂದೇ ಸಾಲಿನಲ್ಲಿ ನಿಂತು ಬಾಂಡ್ಲಿ ದಾಟಿಸುತ್ತಾರೆ. ಇದೆಲ್ಲ ಬೇಕು. ಆದರೆ ಹೂಳೆತ್ತುವ ಕೆಲಸಕ್ಕೆ ಯಂತ್ರವೇ ಬೇಕು. ಕೊಪ್ಪಳದಲ್ಲೂ ಕೈಗಳ ಜೊತೆಗೆ ಜೆಸಿಬಿ, ಹಿಟಾಚಿಗಳು ಇಳಿದದ್ದರಿಂದಲೇ ಅಷ್ಟು ಉದ್ದದ ಹಳ್ಳ ತೆರೆದುಕೊಂಡಿತು. 1369ರಲ್ಲಿ ಬುಕ್ಕರಾಯನ ಮಗ ಭಾಸ್ಕರ ಭವದೂರ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿದಾಗ ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಹಿಡಿಯಿತೆಂದು ಅಲ್ಲಿಯ ಶಾಸನ ಹೇಳುತ್ತದೆ. ಮಣ್ಣಿನ ಕೆಲಸದ ಭಾರ ಆಗಿನವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಯಂತ್ರವಾಗಲಿ ಗುತ್ತಿಗೆದಾರನಾಗಲಿ ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಅಧಿಕಾರಿಯಾಗಲಿ ಮಾಡಲಾಗದ, ಊರಿನವರು ಮಾತ್ರ ಮಾಡಬಹುದಾದ ಕೆಲಸ ಯಾವುದು? ಕಾಯುವುದು. ಅಳೆಯುವುದು. ನೆನಪಿಟ್ಟುಕೊಳ್ಳುವುದು. ಮುಂದಿನ ವರ್ಷ ಅದೇ ತಿಂಗಳು ಮತ್ತೆ ಬರುವುದು. ಸ್ವಯಂಸೇವೆಯ ನಿಜವಾದ ಬಲ ಇಲ್ಲಿದೆ ಎಂದು ನಾನು ನಂಬಿದ್ದೇನೆ, ಮತ್ತು ಈ ಬಲವನ್ನು ನಾವು ಬಹಳ ಕಡಿಮೆ ಬಳಸಿದ್ದೇವೆ.

ಪೋರುಮಾಮಿಳ್ಳದ ಶಾಸನವನ್ನು ಇನ್ನೊಂದು ಕಾರಣಕ್ಕೂ ನೆನೆಯಬೇಕು. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ, ಸವಳು ನೆಲ ಒಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷವೇ. ಇಬ್ಬರ ಗಡಿಯಲ್ಲಿದ್ದ ಕೆರೆ ಇಬ್ಬರಿಗೂ ಸೇರದೆ ಹಾಳಾಗುತ್ತದೆ ಎಂಬ ಅನುಭವ ಅದರ ಹಿಂದೆ ಇದ್ದಿರಬೇಕು. ನಮ್ಮ ಇವತ್ತಿನ ಕೆರೆಗಳ ಸ್ಥಿತಿ ನೋಡಿ. ಅಚ್ಚುಕಟ್ಟು ನಲವತ್ತು ಹೆಕ್ಟೇರಿಗಿಂತ ಕಡಿಮೆ ಇದ್ದರೆ ಪಂಚಾಯಿತಿ, ಹೆಚ್ಚಿದ್ದರೆ ಸಣ್ಣ ನೀರಾವರಿ. ಮೀನು ಮೀನುಗಾರಿಕೆ ಇಲಾಖೆಗೆ, ದಂಡೆಯ ಮರ ಅರಣ್ಯ ಇಲಾಖೆಗೆ, ಪಹಣಿ ತಹಶೀಲ್ದಾರರ ಕಚೇರಿಗೆ. ಒತ್ತುವರಿ ಅಳೆಸಲು ಸರ್ವೆಯವರ ಬಳಿ ಅರ್ಜಿ. ಊರಿನ ಯುವಕರು ಅರ್ಜಿ ಹಿಡಿದು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಓಡಾಡುವುದರಲ್ಲೇ ಬೇಸಿಗೆ ಕಳೆದು ಮಳೆ ಬಂದುಬಿಡುತ್ತದೆ. ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕಾಗಿ 2014ರಲ್ಲಿ ಕಾಯ್ದೆ ಬಂತು. ಆದರೂ ಒಂದು ಕೆರೆಯ ಎಲ್ಲ ಪ್ರಶ್ನೆಗೂ ಒಂದೇ ಮೇಜಿನಲ್ಲಿ ಉತ್ತರ ಸಿಗುವ ವ್ಯವಸ್ಥೆ ಹಳ್ಳಿಯ ಮಟ್ಟಕ್ಕೆ ಇಳಿದಿಲ್ಲ.

ಹಿಂದಿನವರು ಕೆರೆ ಕಟ್ಟಿದಾಗಲೇ ಅದರ ಉಳಿವಿನ ಖರ್ಚನ್ನೂ ಗೊತ್ತು ಮಾಡಿಬಿಡುತ್ತಿದ್ದರು. ನಮ್ಮ ಶಾಸನಗಳ ತುಂಬ ಬಿತ್ತುವಟ್ಟ, ದಸವಂದ, ಕಟ್ಟುಗೊಡಗಿ ಎಂಬ ಮಾತುಗಳು ಬರುವುದು ಇದಕ್ಕೇ. ಕೆರೆಯ ಕೆಳಗಿನ ಗದ್ದೆಯ ಫಲದಲ್ಲಿ ಇಷ್ಟು ಪಾಲು, ಇಂತಿಷ್ಟು ಭೂಮಿ, ಪ್ರತಿವರ್ಷ ಕೆರೆಯ ರಿಪೇರಿಗೆ. ನೀರು ಬಿಡುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯ. ಬೇಸಿಗೆಯಲ್ಲಿ ಗೋಡು ಮಣ್ಣನ್ನು ರೈತರು ಬಂಡಿಗಟ್ಟಲೆ ಹೊಲಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳ ಬಂತು. ಆ ಕಾಲ ಸುವರ್ಣಯುಗ ಎಂದು ನಾನು ಹೇಳಲಾರೆ. ತೂಬಿನ ಕೆಸರಿಗೆ ಮುಳುಗಿ ಕೆಲಸ ಮಾಡುತ್ತಿದ್ದ ಎಷ್ಟೋ ನೀರುಗಂಟಿಗಳ ಮನೆಯವರಿಗೆ ಊರ ಬಾವಿಯಲ್ಲಿ ನೀರು ಸೇದುವ ಹಕ್ಕಿರಲಿಲ್ಲ. ಕೆರೆ ಊರದ್ದಾಗಿತ್ತು, ಗದ್ದೆ ಕೆಲವರದಾಗಿತ್ತು. ಆ ಅನ್ಯಾಯವನ್ನು ಮರೆತು ಹಳೆಯದನ್ನು ಹೊಗಳುವ ಪರಿಸರ ಚಳವಳಿ ಅರ್ಧ ಜನರನ್ನು ಹೊರಗೆ ನಿಲ್ಲಿಸುತ್ತದೆ. ನಾವು ಅಲ್ಲಿಂದ ತೆಗೆದುಕೊಳ್ಳಬೇಕಾದದ್ದು ಒಂದೇ: ನಾಳಿನ ಖರ್ಚು, ನಾಳಿನ ಆಳು, ನಾಳಿನ ಹೊಣೆ ಇವನ್ನು ಇವತ್ತೇ ಬರೆದಿಡುವ ಶಿಸ್ತು.

ಈ ಶಿಸ್ತು ಜೀವಂತವಾಗಿರುವುದನ್ನು ನೋಡಬೇಕೆಂದರೆ ಘಟ್ಟ ಇಳಿದು ದಕ್ಷಿಣ ಕನ್ನಡಕ್ಕೆ, ಅದರಾಚೆ ಕನ್ನಡ ಮಾತಾಡುವ ಕಾಸರಗೋಡಿನ ಏತಡ್ಕದಂಥ ಊರುಗಳಿಗೆ ಹೋಗಬೇಕು. ಅಲ್ಲಿ ಮಳೆ ಧಾರಾಳ, ಆದರೆ ಸುರಿದದ್ದು ವಾರದೊಳಗೆ ಸಮುದ್ರ ಸೇರುತ್ತದೆ. ಫೆಬ್ರವರಿ ಬಂದರೆ ಅಡಿಕೆ ತೋಟ ಒಣಗುತ್ತದೆ, ಬಾವಿಯ ತಳ ಕಾಣುತ್ತದೆ. ಅದಕ್ಕೆ ಅಲ್ಲಿಯವರ ಉಪಾಯ ಕಟ್ಟ. ಮಳೆಗಾಲ ಮುಗಿದು ತೋಡಿನ ಹರಿವು ತಗ್ಗುವ ಹೊತ್ತಿಗೆ, ನವೆಂಬರ್ ಡಿಸೆಂಬರಿನಲ್ಲಿ, ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ ಹಾಕಿ ತಾತ್ಕಾಲಿಕ ಒಡ್ಡು ಕಟ್ಟುತ್ತಾರೆ. ಈಗ ಹಲವೆಡೆ ಖಾಲಿ ಚೀಲಗಳಿಗೆ ಮರಳು ಅಥವಾ ಮಣ್ಣು ತುಂಬಿ ಜೋಡಿಸುತ್ತಾರೆ. ಒಂದು ಕಟ್ಟದ ಹಿನ್ನೀರು ಮುಟ್ಟುವಲ್ಲಿ ಇನ್ನೊಂದು ಕಟ್ಟ. ತೋಡಿನಲ್ಲಿ ನಿಂತ ನೀರು ಎರಡೂ ದಡಗಳಿಗೆ ಇಂಗಿ ಸುತ್ತಲಿನ ಬಾವಿಗಳ ಮಟ್ಟ ಏರುತ್ತದೆ. ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ ಮತ್ತು ಅದರ ಸಂಪಾದಕ ಶ್ರೀಪಡ್ರೆಯವರು ಈ ಕಟ್ಟಗಳ ಬಗ್ಗೆ ಎಡೆಬಿಡದೆ ಬರೆದರು. ಬಿಟ್ಟುಹೋಗಿದ್ದ ಕಡೆಗಳಲ್ಲೂ ಜನ ಮತ್ತೆ ಕಟ್ಟ ಹಾಕಲು ಮುಂದಾದದ್ದರಲ್ಲಿ ಆ ಬರವಣಿಗೆಯ ಪಾಲು ದೊಡ್ಡದು.

ಈ ಕಟ್ಟದ ದೊಡ್ಡ ಗುಣ ನನಗೆ ಕಾಣುವುದು ಅದು ಉಳಿಯುವುದಿಲ್ಲ ಎಂಬುದರಲ್ಲಿ. ಜೂನ್ ಮಳೆಗೆ ಅದು ಕೊಚ್ಚಿಹೋಗುತ್ತದೆ, ಇಲ್ಲವೇ ಅದಕ್ಕೆ ಮುಂಚೆ ಜನರೇ ಬಿಚ್ಚುತ್ತಾರೆ. ಡಿಸೆಂಬರಿನಲ್ಲಿ ಮತ್ತೆ ಕಟ್ಟಬೇಕು. ಹಾಗಾಗಿ ಪ್ರತಿವರ್ಷ ನೆರೆಯವರು ಕೂಡಲೇಬೇಕು, ಯಾರ ತೋಟಕ್ಕೆ ಎಷ್ಟು ಲಾಭ, ಯಾರು ಎಷ್ಟು ಆಳು ಕಳಿಸಬೇಕು ಎಂದು ಮಾತಾಡಲೇಬೇಕು, ಕಳೆದ ವರ್ಷದ ಜಗಳ ತೀರಿಸಿಕೊಳ್ಳಲೇಬೇಕು. ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಬಂದ ಎಷ್ಟೋ ಕಡೆ ಹಲಗೆ ಹಾಕುವವರಿಲ್ಲದೆ ನೀರು ಸುಮ್ಮನೆ ಹರಿದುಹೋಗುವುದನ್ನು ನೀವೂ ನೋಡಿದ್ದೀರಿ. ಅಲ್ಲಿ ಸಿಮೆಂಟು ಉಳಿಯಿತು, ಜನ ಚದುರಿದರು.

ಗಿಡ ನೆಡುವ ಮಾತಿಗೆ ಬರೋಣ. ಜೂನ್ 5ರ ಪರಿಸರ ದಿನದಂದು ನಮ್ಮಲ್ಲಿ ನೆಡದ ಸಂಘವಿಲ್ಲ. ಮಾಗಡಿ ಸೀಮೆಯ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ನಾಲ್ಕು ಕಿಲೋಮೀಟರ್ ಉದ್ದಕ್ಕೆ ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕ ನಮ್ಮೆಲ್ಲರ ಬಾಯಲ್ಲೂ ಇದ್ದಾರೆ. ಅವರು ಮತ್ತು ಅವರ ಪತಿ ಮೊದಲ ವರ್ಷ ನೆಟ್ಟದ್ದು ಹತ್ತು ಗಿಡ. ಸಾಕಲು ಆಗುವಷ್ಟನ್ನೇ ನೆಟ್ಟರು. ಬಿಂದಿಗೆಯಲ್ಲಿ ನೀರು ಹೊತ್ತು ದೂರ ನಡೆದರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು, ಮುಂದಿನ ವರ್ಷ ಇನ್ನಷ್ಟು ನೆಟ್ಟರು. ಅವರ ಹೆಸರಿನಲ್ಲಿ ಒಂದೇ ದಿನ ಹತ್ತು ಸಾವಿರ ಸಸಿ ನೆಟ್ಟು ಮರೆಯುವುದು ಅವರ ಬದುಕಿಗೆ ತೋರಿಸುವ ಗೌರವವಾಗಲಾರದು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಸೇರಿದವರು. ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂಬ ಅವರ ತಿಳಿವು ಪುಸ್ತಕದಿಂದ ಬಂದದ್ದಲ್ಲ. ನಿಮ್ಮ ತಾಲ್ಲೂಕಿನಲ್ಲೂ ಅಂಥ ತಿಳಿವುಳ್ಳವರು ಇದ್ದೇ ಇರುತ್ತಾರೆ. ಸಸಿ ತರಿಸುವ ಮುಂಚೆ ಅವರ ಮನೆಗೆ ಹೋಗಿ ಕೇಳಿ. ಹುಲ್ಲುಗಾವಲಿನಲ್ಲಿ, ಕೃಷ್ಣಮೃಗ ಓಡಾಡುವ ಬಯಲಿನಲ್ಲಿ ಗುಂಡಿ ತೋಡುವುದು ಬೇಡ, ಅದು ಮರವಿಲ್ಲದೆಯೇ ತುಂಬಿದ ನೆಲ. ಕೆರೆಯ ಏರಿಯ ಮೇಲೂ ಬೇಡ, ದಪ್ಪ ಬೇರು ಏರಿಯನ್ನು ಸಡಿಲಿಸುತ್ತದೆ. ಕೋಲಾರದ ಬಯಲಿನಲ್ಲಿ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ನೀಲಗಿರಿ ಹಬ್ಬಿದಾಗಲೂ ಹಸಿರು ಹೆಚ್ಚಿತೆಂದೇ ಎಣಿಸಿದ್ದರು. ಕೆರೆಗಳ ಜಲಾನಯನದಲ್ಲೇ ಆ ತೋಪುಗಳು ನಿಂತವು. ನೀಲಗಿರಿ ನೆಡುವುದನ್ನು ನಿಲ್ಲಿಸಲು ಸರ್ಕಾರಕ್ಕೆ 2017ರವರೆಗೆ ಬೇಕಾಯಿತು.

ನಗರದ ಕೆರೆಗಳ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆಗೆ ಬೆಂಕಿ ಹತ್ತಿತು, 2017ರಲ್ಲಿ ಮತ್ತೆ ಹೊಗೆ ಎದ್ದಿತು, 2018ರ ಜನವರಿಯಲ್ಲೂ ಉರಿಯಿತು. ಆ ನೊರೆಗೆ ಕಾರಣ ಶುದ್ಧಿಯಾಗದೆ ಬಂದು ಬೀಳುತ್ತಿದ್ದ ಒಳಚರಂಡಿ ನೀರು, ಅದರಲ್ಲಿದ್ದ ಸೋಪು, ಡಿಟರ್ಜೆಂಟುಗಳು. ಇಂಥ ಕೆರೆಯ ದಂಡೆಯಲ್ಲಿ ಎಷ್ಟು ಭಾನುವಾರ ಪ್ಲಾಸ್ಟಿಕ್ ಹೆಕ್ಕಿದರೂ ನೀರು ತಿಳಿಯಾಗುವುದಿಲ್ಲ. ಅಂತರಗಂಗೆ ಕಳೆಯನ್ನು ಎಳೆದು ದಡಕ್ಕೆ ಹಾಕಿದರೆ ಒಂದು ಮಳೆಗಾಲದಲ್ಲಿ ಮತ್ತೆ ಕವಿಯುತ್ತದೆ, ಏಕೆಂದರೆ ಅದಕ್ಕೆ ಆಹಾರ ಬರುವ ಚರಂಡಿ ತೆರೆದೇ ಇದೆ. ಕೆಲಸ ಇರುವುದು ಕೆರೆಯಂಗಳದಲ್ಲಲ್ಲ, ರಾಜಕಾಲುವೆಯ ಉದ್ದಕ್ಕೆ, ಒಂದೊಂದು ಬಡಾವಣೆಯ ಮ್ಯಾನ್‌ಹೋಲಿನ ಬಳಿ, ಪಾಲಿಕೆಯ ಕಡತಗಳಲ್ಲಿ. ಅದು ಫೋಟೋಗೆ ಸಿಗದ ಕೆಲಸ. ಅದೇ ಬೆಂಗಳೂರಿನ ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದಿಂದ ಹೊರಟ ನೀರು ಮೊದಲು ಜೊಂಡು, ಆಪು ಬೆಳೆದ ಜೌಗಿನ ಮೂಲಕ ಹಾದು ಆಮೇಲೆ ಕೆರೆ ಸೇರುತ್ತದೆ. ಘಟಕವನ್ನು ಸರ್ಕಾರ ಕಟ್ಟಿತು, ಜೌಗು ನೀರನ್ನು ಇನ್ನಷ್ಟು ತಿಳಿಗೊಳಿಸುತ್ತದೆ, ಸುತ್ತಲಿನ ಜನ ಕಣ್ಣಿಟ್ಟು ಕಾಯುತ್ತಾರೆ. ಮೂವರೂ ಅವರವರ ಕೆಲಸ ಮಾಡಿದರೆ ಮಾತ್ರ ಅದು ನಡೆಯುತ್ತದೆ.

ಜೌಗು ಎಂದಾಗ ಇನ್ನೊಂದು ಮಾತು. ಅಭಿವೃದ್ಧಿ ಎಂದು ನಾವು ಕೆರೆಯನ್ನು ಬಟ್ಟಲಿನ ಹಾಗೆ ಕಡಿದಾಗಿ ಕೊರೆಯುತ್ತೇವೆ. ಕೊಕ್ಕರೆ, ಉಲ್ಲಂಕಿಗಳಿಗೆ ಕಾಲೂರಲು ಬೇಕಾದ ತೆಳುನೀರಿನ ಅಂಚು ಹೋಗುತ್ತದೆ. ತಳದ ಜೇಡಿಯನ್ನೂ ಕೆತ್ತಿ ಮಾರಿಕೊಳ್ಳುವವರು ಇದ್ದಾರೆ. ಸುತ್ತಲೂ ನಡಿಗೆ ದಾರಿಗೆಂದು ಎತ್ತರದ ಮಣ್ಣು ಹಾಕಿ, ನೀರು ಒಳಬರುವ ಕಡೆಯನ್ನೂ ಮುಚ್ಚಿಬಿಡುತ್ತೇವೆ. ಆಮೇಲೆ ತಂತಿ ಬೇಲಿ, ಗೇಟು, ಸಮಯದ ಬೋರ್ಡು. ಬೇಲಿಯ ಹೊರಗೆ ಉಳಿದವರು ಯಾರು? ಹುಲ್ಲು ಕೊಯ್ದು ಎರಡು ಎಮ್ಮೆ ಸಾಕುತ್ತಿದ್ದ ಹೆಂಗಸು, ಬಲೆ ಬೀಸುತ್ತಿದ್ದ ಬೆಸ್ತರ ಕುಟುಂಬ, ಮಣ್ಣು ಒಯ್ಯುತ್ತಿದ್ದ ಕುಂಬಾರ, ಬಟ್ಟೆ ಒಗೆಯುತ್ತಿದ್ದ ಮಡಿವಾಳರು, ಕುರಿಗೆ ನೀರು ಕುಡಿಸುತ್ತಿದ್ದ ಕುರುಬರ ಹುಡುಗ. ಇವರಿಗೆ ಭಾನುವಾರ ಬೆಳಿಗ್ಗೆ ಬಿಡುವಿರುವುದಿಲ್ಲ, ಆದ್ದರಿಂದ ನಮ್ಮ ಸಭೆಗಳಲ್ಲಿ ಕಾಣುವುದಿಲ್ಲ. ಆದರೆ ವರ್ಷದ ಎಲ್ಲ ದಿನ ಕೆರೆಯ ಮುಖ ನೋಡುವವರು ಅವರೇ. ಮೀನು ತೇಲಿದ್ದು ಮೊದಲು ಗೊತ್ತಾಗುವುದು ಅವರಿಗೆ. ಸ್ವಯಂಸೇವಕ ಎಂದರೆ ಟೋಪಿ, ಟೀ ಶರ್ಟು ಹಾಕಿಕೊಂಡವರಷ್ಟೇ ಎಂದು ತಿಳಿದರೆ ಕೆರೆಯ ನಿಜವಾದ ಕಾವಲುಗಾರರನ್ನು ನಾವೇ ಓಡಿಸಿದಂತಾಗುತ್ತದೆ.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಜಗತ್ತಿನ ಹಲವು ಕಡೆಗಳ ಸಾಮುದಾಯಿಕ ಕಾಡು, ನೀರು, ಮೀನುಗಾರಿಕೆಗಳನ್ನು ನೋಡಿ ಹೇಳಿದ್ದೂ ಇದನ್ನೇ. ಬಳಸುವವರೇ ನಿಯಮ ಮಾಡಿ, ಬಳಸುವವರೇ ಕಾಯ್ದು, ತಪ್ಪಿದವರಿಗೆ ಹಂತಹಂತವಾಗಿ ದಂಡ ಹಾಕುವಲ್ಲಿ ಸಾಮುದಾಯಿಕ ಸಂಪತ್ತು ಉಳಿದಿದೆ. ಅವರು ನಮ್ಮವರೇ ಆದ ಹರಿಣಿ ನಾಗೇಂದ್ರರ ಜೊತೆ ಬೆಂಗಳೂರಿನ ಕೆರೆಗಳನ್ನೂ ಅಭ್ಯಾಸ ಮಾಡಿದ್ದರು. ಹಳ್ಳಿಗಳ ಕೆರೆ ಬಳಕೆದಾರರ ಸಂಘಗಳ ಹಿಂದೆ ಇದೇ ಆಶಯ ಇತ್ತು. 2002ರಲ್ಲಿ ಜಲಸಂವರ್ಧನೆ ಯೋಜನೆ ಶುರುವಾದಾಗ ಸಾವಿರಾರು ಸಂಘಗಳು ಹುಟ್ಟಿದವು. ಯೋಜನೆಯ ಹಣ ನಿಂತ ಮೇಲೂ ಸಭೆ ನಡೆಸುತ್ತಿರುವ ಸಂಘಗಳು ಈ ಸಭಾಂಗಣದಲ್ಲಿದ್ದರೆ ಅವರು ಮಧ್ಯಾಹ್ನ ಮೊದಲು ಮಾತಾಡಲಿ ಎಂದು ಕೇಳಿಕೊಳ್ಳುತ್ತೇನೆ. ಹೇಗೆ ಉಳಿದಿರಿ ಎಂಬುದನ್ನು ನಾವೆಲ್ಲ ನಿಮ್ಮಿಂದ ತಿಳಿಯಬೇಕು.

ಹಣದ ವಿಷಯವನ್ನು ಸಂಕೋಚ ಬಿಟ್ಟು ಮಾತಾಡೋಣ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡರಷ್ಟನ್ನು ಸಾಮಾಜಿಕ ಕೆಲಸಕ್ಕೆ ತೆಗೆದಿಡುತ್ತವೆ. ಕೆರೆಗೆ ಆ ಹಣ ಬರುತ್ತಿದೆ, ಬರಲಿ. ಆದರೆ ಅದು ಬಹುಪಾಲು ಮೊದಲ ವರ್ಷದ ಮಣ್ಣಿಗೆ, ಕಲ್ಲಿಗೆ, ಫಲಕಕ್ಕೆ ಸಿಗುತ್ತದೆ. ನೀರುಗಂಟಿಯ ತಿಂಗಳ ಸಂಬಳಕ್ಕೆ, ಕಾಲುವೆಯ ಕಸ ತೆಗೆಯುವ ಕೂಲಿಗೆ, ನೀರು ಪರೀಕ್ಷೆಯ ಶುಲ್ಕಕ್ಕೆ ಸಿಗುವುದಿಲ್ಲ. ಕೊಡುವವರ ಮುಂದೆ ನಾವು ನಮ್ರತೆಯಿಂದ, ಆದರೆ ಗಟ್ಟಿಯಾಗಿ ಹೇಳಬೇಕು: ಐದು ವರ್ಷದ ನಿರ್ವಹಣೆಗೆ ಹಣ ತೆಗೆದಿಡದ ಕೆಲಸವನ್ನು ನಮ್ಮ ಸಂಘ ಕೈಗೆತ್ತಿಕೊಳ್ಳುವುದಿಲ್ಲ. ಜೊತೆಗೆ ನಮ್ಮ ಲೆಕ್ಕವೂ ಬಯಲಲ್ಲಿರಬೇಕು. ಪ್ರತಿ ಸಂಘ ಬಂದ ಹಣ, ಹೋದ ಹಣ, ಮಣ್ಣು ಎಷ್ಟು ಲೋಡು ಯಾರ ಹೊಲಕ್ಕೆ ಹೋಯಿತು ಎಂಬುದನ್ನು ಹಾಲಿನ ಡೇರಿಯ ಗೋಡೆಯ ಮೇಲೆ ಬರೆದು ಹಾಕಲಿ. ಸ್ವಯಂಸೇವೆಯ ಮೇಲೆ ಜನರ ನಂಬಿಕೆ ಒಮ್ಮೆ ಮುರಿದರೆ ಆ ಊರಿನಲ್ಲಿ ಒಂದು ತಲೆಮಾರು ಯಾರೂ ಗುದ್ದಲಿ ಎತ್ತುವುದಿಲ್ಲ.

ಅಳತೆಯ ಬಗ್ಗೆ ಕೋಲಾರದವರಿಗೆ ವಿಶೇಷವಾಗಿ ಒಂದು ಮಾತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಬೆಂಗಳೂರಿನಿಂದ ನಿಮ್ಮ ಕೆರೆಗಳಿಗೆ ಬರುತ್ತಿದೆ. ಎರಡು ಹಂತದ ಶುದ್ಧೀಕರಣವಾದ ನೀರು ಅದು, ಅಂತರ್ಜಲಕ್ಕೆ ಇಂಗಲೆಂದು ಬಿಟ್ಟದ್ದು. ಒಣಗಿದ್ದ ಕೆರೆಯಲ್ಲಿ ಅಲೆ ಎದ್ದಾಗ ವಯಸ್ಸಾದವರ ಕಣ್ಣು ತುಂಬಿ ಬಂದದ್ದು ಸಹಜ. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಪಟ್ಟು ಹಿಡಿದವರ ಕಳವಳವೂ ಅಷ್ಟೇ ನ್ಯಾಯವಾದದ್ದು. ಅವರನ್ನು ಅಭಿವೃದ್ಧಿ ವಿರೋಧಿಗಳೆಂದು ಕರೆಯಬಾರದು. ಈ ಚರ್ಚೆ ತೀರುವುದು ಕೂಗಾಟದಿಂದಲ್ಲ, ತಿಂಗಳು ತಿಂಗಳು ತೆಗೆದಿಟ್ಟ ನೀರಿನ ದಾಖಲೆಯಿಂದ. ಜಲಜೀವನ ಮಿಷನ್ ಅಡಿಯಲ್ಲಿ ಹಳ್ಳಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿಯ ಏರ್ಪಾಡಿದೆ. ಆ ಹೆಣ್ಣುಮಕ್ಕಳನ್ನು ನಲ್ಲಿಯ ನೀರಿಗಷ್ಟೇ ಸೀಮಿತಗೊಳಿಸದೆ ಕೆರೆಯಂಚಿನ ಬಾವಿಗೂ ಕರೆದೊಯ್ಯಿರಿ. ಕಿಟ್ಟಿನಲ್ಲಿ ಸಿಗದ ಲೋಹಗಳ ಪರೀಕ್ಷೆಗೆ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ಶಾಲೆಯ ಮಕ್ಕಳು ಅಂಗಳದಲ್ಲಿ ಮಳೆಮಾಪಕ ಇಟ್ಟು ಬರೆದಿಡಲಿ, ತೂಬಿನ ಕಲ್ಲಿಗೆ ಬಣ್ಣದ ಗೆರೆ ಹಾಕಿ ನೀರಿನ ಮಟ್ಟ ಓದಲಿ. ಹತ್ತು ಮಿಲಿಮೀಟರ್ ಮಳೆ ಒಂದು ಎಕರೆಗೆ ನಲವತ್ತು ಸಾವಿರ ಲೀಟರ್ ತರುತ್ತದೆ ಎಂಬುದನ್ನು ಮಕ್ಕಳು ತಾವೇ ಲೆಕ್ಕ ಹಾಕಿ ತಿಳಿದರೆ ಅವರು ಮೋಡ ನೋಡುವ ರೀತಿಯೇ ಬೇರೆಯಾಗುತ್ತದೆ.

ಅಳತೆಯೊಂದೇ ಸಾಲದು, ಸಂಬಂಧವೂ ಬೇಕು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರೂ ಆ ಊರುಗಳ ಯುವಕರೂ ಹೆಂಗಸರೂ ಕಟ್ಟಿದ ಅಪ್ಪಿಕೋ ಚಳವಳಿ ‘ಉಳಿಸು, ಬೆಳೆಸು, ಬಳಸು’ ಎಂದಿತು. ಕೊನೆಯ ಪದವನ್ನು ಗಮನಿಸಿ. ಕಾಡು ತಮಗೆ ಸೊಪ್ಪು, ನೀರು, ಜೇನು ಕೊಡುವುದರಿಂದ ಅದನ್ನು ಉಳಿಸುತ್ತೇವೆ ಎಂದು ಆ ಜನ ಮುಚ್ಚುಮರೆಯಿಲ್ಲದೆ ಹೇಳಿದರು. ಕಾಡಿನ ಜೊತೆ ದಿನನಿತ್ಯದ ಸಂಬಂಧ ಇದ್ದವರು ಮಾತ್ರ ಅಷ್ಟು ಹೊತ್ತು ನಿಲ್ಲಬಲ್ಲರು. ನಮ್ಮ ಪಟ್ಟಣಗಳ ಮಕ್ಕಳಿಗೆ ಕೆರೆಯೊಂದಿಗೆ ಅಂಥ ಸಂಬಂಧ ಹೇಗೆ ಬರಬೇಕು ಎಂಬುದು ನನ್ನನ್ನು ಬಹಳ ಕಾಡುವ ಪ್ರಶ್ನೆ. ವರ್ಷಕ್ಕೊಂದು ದಿನದ ಸ್ವಚ್ಛತೆಯಿಂದ ಅದು ಬಾರದು. ಮೀನು ಹಿಡಿಯುವುದು, ಈಜು ಕಲಿಯುವುದು, ಹಕ್ಕಿ ಎಣಿಸುವುದು, ತಮ್ಮ ಮನೆಯ ಚರಂಡಿ ಯಾವ ಕೆರೆಗೆ ಸೇರುತ್ತದೆ ಎಂದು ಕಾಲ್ನಡಿಗೆಯಲ್ಲಿ ಹೋಗಿ ನೋಡುವುದು, ಇಂಥದ್ದರಿಂದ ಬಂದೀತು.

ಮಧ್ಯಾಹ್ನದ ಗೋಷ್ಠಿಗೆ ನಾನು ಮೂರು ವಿಷಯ ಇಡುತ್ತಿದ್ದೇನೆ. ಪ್ರತಿ ಸಂಘವೂ ಹೊಸ ಕೆರೆಗೆ ಕೈ ಹಾಕುವ ಮುಂಚೆ, ಈಗಾಗಲೇ ಕೆಲಸ ಮಾಡಿದ ಕೆರೆಗೆ ಮರಳಿ ಹೋಗಿ ಅದರ ಏರಿ, ತೂಬು, ಕೋಡಿ, ಕಾಲುವೆಗಳ ಸ್ಥಿತಿ ಬರೆದು ತರಬೇಕು. ಮುಂದಿನ ಸಮ್ಮೇಳನದಲ್ಲಿ ಎಷ್ಟು ಕೆರೆ ಶುರುವಾಯಿತು ಎಂಬುದರ ಬದಲು ಎಷ್ಟು ಕೆರೆ ಐದನೆಯ ವರ್ಷ ಮುಟ್ಟಿತು ಎಂಬ ವರದಿ ಓದೋಣ. ಎರಡನೆಯದು ಸರ್ಕಾರಕ್ಕೆ. ತಾಲ್ಲೂಕಿಗೆ ಒಬ್ಬ ಅಧಿಕಾರಿ ಎಲ್ಲ ಇಲಾಖೆಗಳ ಪರವಾಗಿ ಕೆರೆಯ ಅರ್ಜಿಗೆ ಉತ್ತರ ಕೊಡುವಂತಾಗಲಿ, ಸರ್ವೆ ಮಾಡಿ ಗಡಿಕಲ್ಲು ನೆಡುವ ಕೆಲಸ ಹೂಳೆತ್ತುವುದಕ್ಕಿಂತ ಮೊದಲು ಆಗಲಿ, ನೀರುಗಂಟಿಗೆ ಪಂಚಾಯಿತಿಯಿಂದ ತಿಂಗಳ ಸಂಬಳ ಸಿಗಲಿ. ಅದು ಜಾತಿಯಿಂದ ಬಂದ ಚಾಕರಿಯಾಗದೆ, ತರಬೇತಿ ಪಡೆದ, ಗೌರವದ ಕೆಲಸವಾಗಲಿ. ಹೆಣ್ಣುಮಕ್ಕಳೂ ಆ ಕೆಲಸಕ್ಕೆ ಬರಲಿ. ಮೂರನೆಯದು ನಮ್ಮ ಸಂಘಗಳ ರಚನೆಗೆ ಸೇರಿದ್ದು. ಕೆರೆಯಿಂದ ಹೊಟ್ಟೆ ಹೊರೆಯುವವರಿಗೆ ಸಮಿತಿಯಲ್ಲಿ ಅರ್ಧದಷ್ಟು ಸ್ಥಾನ, ಸಭೆ ಅವರಿಗೆ ಅನುಕೂಲವಾದ ಹೊತ್ತಿಗೆ. ಬೆಸ್ತರ ಕೇರಿಯಲ್ಲಿ ಸಂಜೆ ಏಳಕ್ಕೆ ಸಭೆ ಸೇರುವುದು ಕಷ್ಟವೇನಲ್ಲ.

ಈ ಮೂರಕ್ಕೂ ತಿದ್ದುಪಡಿ ತನ್ನಿ, ವಾದ ಮಾಡಿ, ಬೇಡವಾದದ್ದನ್ನು ಕೈಬಿಡಿ. ಊಟದ ನಂತರ ಎರಡೂವರೆಗೆ ಗೋಷ್ಠಿ ಶುರುವಾಗುತ್ತದೆ. ನಿಮ್ಮ ನಿಮ್ಮ ಕೆರೆಯ ದಾಖಲೆ ಪುಸ್ತಕ ತಂದಿರುವವರು ಅದನ್ನು ಬಾಗಿಲ ಬಳಿಯ ಮೇಜಿನ ಮೇಲಿಡಿ, ಎಲ್ಲರೂ ತೆರೆದು ನೋಡಲಿ.